ಸಾಗರತಳಕ್ಕೆ ಒಂದು ಸಾಮಾನ್ಯ ಭಾಷೆ

ನೆಲದ ಮೇಲೆ ಎರಡು ದೇಶಗಳ ಗಡಿಯನ್ನು ಗುರುತಿಸುವಾಗ ಒಂದು ನದಿಯೋ ಬೆಟ್ಟಸಾಲೋ ಅನೇಕ ವೇಳೆ ನೆರವಿಗೆ ಬರುತ್ತದೆ. ಸಮುದ್ರದಲ್ಲಿ ಅಂಥ ಆಸರೆ ಯಾವುದೂ ಇಲ್ಲ. ಅಲ್ಲಿಯ ಗಡಿಗಳೆಲ್ಲ ಕಾಗದದ ಮೇಲೆ ಎಳೆದ ಗೆರೆಗಳು. ಆ ಗೆರೆಗಳ ಅಡಿಯಲ್ಲಿ ಮರಳು, ಕೆಸರು, ಬಂಡೆಗಳು ತಮ್ಮ ಪಾಡಿಗೆ ತಾವು ಹರಡಿಕೊಂಡಿರುತ್ತವೆ. ಹೀಗಿದ್ದರೂ ನೆರೆಹೊರೆಯ ದೇಶಗಳು ತಂತಮ್ಮ ಪಾಲಿನ ಸಾಗರತಳವನ್ನು ಕುರಿತು ಸಿದ್ಧಪಡಿಸಿದ ಭೂಪಟಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ಜೋಡಿಸಿದರೆ ಒಂದು ವಿಚಿತ್ರವು ಕಾಣಬಹುದು. ಗಡಿಯ ಈಚೆಗೆ ‘ಮರಳು’ ಎಂದು ಬಣ್ಣ ಬಳಿದಿರುವ ತಳವು ಆಚೆಗೆ ಹೋದೊಡನೆ ‘ಹೂಳು’ ಎನಿಸಿಕೊಳ್ಳುತ್ತದೆ. ಬಣ್ಣವು ಬದಲಾಗುವ ಸ್ಥಳವು ಗಡಿಯ ಗೆರೆಯ ಮೇಲೆಯೇ, ಅಳತೆಗೋಲಿಟ್ಟು ಕತ್ತರಿಸಿದಂತೆ ಇರುತ್ತದೆ!

ಪ್ರಕೃತಿಯು ರಾಜಕೀಯ ಒಪ್ಪಂದಗಳನ್ನು ಓದಿಕೊಂಡು ಮರಳನ್ನು ಹರಡಿತೆಂದು ಯಾರೂ ನಂಬಲಾರರು. ಗಡಿಯಲ್ಲಿ ಬದಲಾದುದು ತಳವನ್ನು ವರ್ಣಿಸುವ ಭಾಷೆ. ಈ ಭಾಷಾಭೇದವು ಹೇಗೆ ಹುಟ್ಟಿತು, ಅದರಿಂದ ಆಗುವ ತೊಂದರೆಗಳೇನು, ಅದನ್ನು ನೀಗಲು ವಿಜ್ಞಾನಿಗಳು ಮಾಡುತ್ತಿರುವ ಪ್ರಯತ್ನ ಎಂಥದು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಒಂದು ದಿಬ್ಬ, ನಾಲ್ಕು ದೇಶ

ಇಂಗ್ಲೆಂಡಿನ ಪೂರ್ವಕ್ಕೆ, ಉತ್ತರ ಸಮುದ್ರದ ನಡುಮಧ್ಯದಲ್ಲಿ, ಡಾಗರ್ ದಿಬ್ಬವೆಂಬ ವಿಶಾಲವಾದ ಮುಳುಗುದಿಬ್ಬವಿದೆ. ಅದರ ವಿಸ್ತೀರ್ಣವು ಸುಮಾರು 17,600 ಚದರ ಕಿಲೋಮೀಟರು. ಕೆಲವೆಡೆ ಅದರ ನೆತ್ತಿಯ ಮೇಲೆ ಹದಿನೈದು ಮೀಟರಿನಷ್ಟು ಮಾತ್ರ ನೀರಿರುತ್ತದೆ. ಹಿಮಯುಗದಲ್ಲಿ ಅಪಾರವಾದ ನೀರು ಹಿಮಗಡ್ಡೆಯಾಗಿ ಖಂಡಗಳ ಮೇಲೆ ನಿಂತಿದ್ದುದರಿಂದ ಸಮುದ್ರದ ಮಟ್ಟವು ಇಂದಿಗಿಂತ ಬಹಳ ಕೆಳಗಿತ್ತು. ಈ ಪ್ರದೇಶವೂ ಅದರ ಸುತ್ತಲಿನ ಬಯಲೂ ಒಣನೆಲವಾಗಿದ್ದುವು. ಹಿಮವು ಕರಗಿದಂತೆ ನೀರು ಏರಿತು. ಸುಮಾರು 8,000 ವರ್ಷಗಳ ಹಿಂದೆ ಈ ನೆಲವು ಕಡಲಿನ ಪಾಲಾಯಿತು. 1931ರಲ್ಲಿ ‘ಕೊಲಿಂಡ’ ಎಂಬ ಮೀನುಗಾರಿಕೆಯ ಹಡಗು ಇಂಗ್ಲೆಂಡಿನ ನಾರ್ಫಕ್ ತೀರದಾಚೆ ಬಲೆಯೆಳೆಯುತ್ತಿದ್ದಾಗ ಅರೆಕೊಳೆತ ಸಸ್ಯಗಳ ಗಡ್ಡೆಯೊಂದು ಮೇಲೆ ಬಂದಿತು. ಅದನ್ನು ಒಡೆದು ನೋಡಿದರೆ ಒಳಗೆ ಜಿಂಕೆಯ ಕೊಂಬಿನಿಂದ ಕೊರೆದ, ಮುಳ್ಳುಮುಳ್ಳಾದ ಈಟಿಯ ಮೊನೆ! ಇಂದು ಮೀನುಗಳು ಓಡಾಡುವ ಕಡೆ ಒಂದು ಕಾಲಕ್ಕೆ ಬೇಟೆಗಾರರು ಓಡಾಡುತ್ತಿದ್ದರೆಂಬುದಕ್ಕೆ ಇದು ಸಾಕ್ಷಿಯಾಯಿತು.

ಈ ದಿಬ್ಬವನ್ನು ಇಂದು ಬ್ರಿಟನ್, ಹಾಲೆಂಡ್, ಜರ್ಮನಿ, ಡೆನ್ಮಾರ್ಕ್ ಎಂಬ ನಾಲ್ಕು ದೇಶಗಳ ಸಾಗರವಲಯಗಳು ಹಂಚಿಕೊಂಡಿವೆ. ಉತ್ತರ ಸಮುದ್ರದ ತಳವನ್ನು ಪಾಲುಮಾಡುವ ವಿಷಯದಲ್ಲಿ ಜರ್ಮನಿಗೂ ಅದರ ಎರಡು ನೆರೆದೇಶಗಳಿಗೂ ಉಂಟಾದ ವ್ಯಾಜ್ಯವು ಅಂತರರಾಷ್ಟ್ರೀಯ ನ್ಯಾಯಾಲಯದವರೆಗೆ ಹೋಗಿ 1969ರಲ್ಲಿ ತೀರ್ಮಾನವಾಯಿತು. ಗೆರೆಗಳ ವಯಸ್ಸು ಹಲವು ದಶಕ. ಮರಳಿನ ವಯಸ್ಸು ಹಲವು ಸಹಸ್ರ ವರ್ಷ.

ದಿಬ್ಬದ ಮೇಲೆ ಏನಿದೆಯೆಂಬುದನ್ನು ತಿಳಿಯಬೇಕಾದವರು ಅನೇಕರು. ಗಾಳಿಯಂತ್ರಗಳನ್ನು ನೆಡುವ ಎಂಜಿನಿಯರುಗಳಿಗೆ ತಳವು ಸಡಿಲವಾದ ಮರಳೋ, ಹಿಮದ ಭಾರದಿಂದ ಅದುಮಿಕೊಂಡ ಗಟ್ಟಿ ಜೇಡಿಯೋ ಎಂಬುದು ಗೊತ್ತಿರಬೇಕು. ಡಾಗರ್ ದಿಬ್ಬದ ಬ್ರಿಟಿಷ್ ಭಾಗದಲ್ಲಿ ನಿಲ್ಲಿಸಿದ ಗಾಳಿಯಂತ್ರಗಳಿಂದ 2023ರ ಅಕ್ಟೋಬರಿನಲ್ಲಿ ಮೊದಲ ಸಲ ವಿದ್ಯುತ್ತು ದಡಕ್ಕೆ ಹರಿಯಿತು. ಮೀನುಗಾರಿಕೆಯನ್ನು ನಿಯಂತ್ರಿಸುವವರಿಗೂ ತಳದ ಅರಿವು ಅಗತ್ಯ. ಹೆರಿಂಗ್ ಮೀನು ನೊರಜುಗಲ್ಲಿನ ಹಾಸಿನ ಮೇಲೆ ಮೊಟ್ಟೆಗಳನ್ನು ಅಂಟಿಸುತ್ತದೆ. ಹೆಚ್ಚೆಂದರೆ ಗೇಣುದ್ದ ಬೆಳೆಯುವ ಸ್ಯಾಂಡ್ ಈಲ್ ಎಂಬ ತೆಳುಮೀನು ಮರಳಿನೊಳಗೆ ಹೂತುಕೊಂಡು ಬದುಕುತ್ತದೆ. ಮರಳಿನ ಕಣಗಳ ನಡುವಣ ಸಂದುಗಳಲ್ಲಿ ಹಾಯುವ ನೀರಿನಿಂದ ಅದು ಉಸಿರಾಡಬೇಕು. ಹೂಳು ಹೆಚ್ಚಾಗಿ ಸಂದುಗಳು ಮುಚ್ಚಿಹೋದ ಕಡೆ ಅದು ನೆಲಸಲಾರದು. ಕಡಲಹಕ್ಕಿಗಳಿಗೂ ದೊಡ್ಡ ಮೀನುಗಳಿಗೂ ಈ ಮೀನೇ ಮುಖ್ಯ ಆಹಾರ. 2024ರಲ್ಲಿ ಬ್ರಿಟನ್ನು ಉತ್ತರ ಸಮುದ್ರದ ತನ್ನ ಪಾಲಿನಲ್ಲಿ ಇದನ್ನು ಹಿಡಿಯಕೂಡದೆಂದು ವಿಧಿಸಿದಾಗ ಐರೋಪ್ಯ ಒಕ್ಕೂಟವು ಆಕ್ಷೇಪಿಸಿತು. ವಿವಾದವು ಹೇಗ್ ನಗರದ ಪಂಚಾಯ್ತಿ ನ್ಯಾಯಮಂಡಲಿಯ ಮುಂದೆ ಹೋಯಿತು. ಒಂದು ಜೀವಿಯ ಮನೆಯು ಮರಳಾಗಿರುವಾಗ, ‘ಮರಳು’ ಎಂಬ ಶಬ್ದಕ್ಕೆ ಗಡಿಯ ಎರಡು ಕಡೆಯಲ್ಲಿಯೂ ಒಂದೇ ಅರ್ಥವಿರಬೇಕಾದುದು ಎಷ್ಟು ಅವಶ್ಯವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ತಳವನ್ನು ಅರಿಯುವ ಬಗೆ

ಹಿಂದಿನ ನಾವಿಕರು ಹಗ್ಗದ ತುದಿಗೆ ಸೀಸದ ಗುಂಡನ್ನು ಕಟ್ಟಿ ನೀರಿಗಿಳಿಸಿ ಆಳವನ್ನು ಅಳೆಯುತ್ತಿದ್ದರು. ಗುಂಡಿನ ಅಡಿಯಲ್ಲಿದ್ದ ಕುಳಿಗೆ ಪ್ರಾಣಿಗಳ ಕೊಬ್ಬನ್ನು ಮೆತ್ತುವುದು ವಾಡಿಕೆ. ತಳದ ಮರಳೋ ಕೆಸರೋ ಚಿಪ್ಪಿನ ಚೂರೋ ಅದಕ್ಕೆ ಅಂಟಿಕೊಂಡು ಮೇಲೆ ಬರುತ್ತಿತ್ತು. ಆಳದ ಅಂಕಿಯ ಪಕ್ಕದಲ್ಲಿ ತಳದ ಗುಣವನ್ನು ಸೂಚಿಸುವ ಒಂದೆರಡು ಅಕ್ಷರಗಳನ್ನು ನಾವಿಕರ ಭೂಪಟದಲ್ಲಿ ಬರೆಯುವ ಪದ್ಧತಿಯು ಹೀಗೆ ಬೆಳೆಯಿತು. ಅವರ ಅಳತೆಯ ಮಾನ ಫ್ಯಾದಮ್. ಅದು ಆರು ಅಡಿ, ಎಂದರೆ ಎರಡು ಕೈಗಳನ್ನೂ ಚಾಚಿದಾಗ ಬರುವ ನಮ್ಮ ‘ಮಾರು’ ಎಂಬ ಅಳತೆಗೆ ಸಮ. ಫ್ರಾನ್ಸಿನವರು ಮೀಟರನ್ನು ಬಳಸುತ್ತಿದ್ದರು. ಹೀಗಾಗಿ ಮಾನಗಳ ಭೇದವು ಮೊದಲಿನಿಂದಲೂ ಇತ್ತು.

ಇಪ್ಪತ್ತನೆಯ ಶತಮಾನದಲ್ಲಿ ಹಗ್ಗದ ಸ್ಥಾನವನ್ನು ಶಬ್ದವು ವಹಿಸಿತು. ಹಡಗಿನ ತಳದಿಂದ ಹೊರಟ ಶಬ್ದವು ಸಾಗರತಳಕ್ಕೆ ತಗುಲಿ ಪ್ರತಿಧ್ವನಿಯಾಗಿ ಹಿಂದಿರುಗಲು ಹಿಡಿಯುವ ಕಾಲವನ್ನು ಅಳೆದು, ಅದರ ಅರ್ಧವನ್ನು ಶಬ್ದದ ವೇಗದಿಂದ ಗುಣಿಸಿದರೆ ಆಳವು ದೊರೆಯುತ್ತದೆ. ಲೆಕ್ಕವು ಸುಲಭವೇ, ಆದರೆ ವೇಗವು ಎಷ್ಟೆಂದು ಇಟ್ಟುಕೊಳ್ಳಬೇಕು? ನೀರಿನ ಉಷ್ಣತೆ, ಉಪ್ಪಿನಂಶ, ಒತ್ತಡಗಳಿಗನುಗುಣವಾಗಿ ಅದು ಬದಲಾಗುತ್ತದೆ. ಅಮೆರಿಕದ ಉಪಕರಣಗಳು ಸೆಕೆಂಡಿಗೆ 800 ಫ್ಯಾದಮ್, ಎಂದರೆ ಸುಮಾರು 1,463 ಮೀಟರು, ಎಂದು ಭಾವಿಸಿ ನಿರ್ಮಿತವಾಗಿದ್ದುವು. ಇತರರು 1,500 ಮೀಟರು ಎಂದು ಭಾವಿಸುತ್ತಿದ್ದರು. ಪ್ರತಿಧ್ವನಿಯು 4 ಸೆಕೆಂಡುಗಳ ನಂತರ ಬಂದಿತೆನ್ನೋಣ. ಒಂದು ಹಡಗು ಆಳವನ್ನು 2,926 ಮೀಟರೆಂದು ಬರೆದುಕೊಂಡರೆ ಇನ್ನೊಂದು 3,000 ಮೀಟರೆಂದು ಬರೆದುಕೊಳ್ಳುತ್ತದೆ. ಪ್ರತಿಧ್ವನಿ ಒಂದೇ, ತಳವೂ ಒಂದೇ. ಅಂಕಿಗಳಲ್ಲಿ ಮಾತ್ರ 74 ಮೀಟರುಗಳ ವ್ಯತ್ಯಾಸ. ಯಾವ ವೇಗವನ್ನು ಬಳಸಲಾಯಿತೆಂಬುದನ್ನು ದಾಖಲೆಯಲ್ಲಿ ಬರೆದಿದ್ದರೆ ಈ ದೋಷವನ್ನು ನಿಮಿಷದಲ್ಲಿ ಸರಿಪಡಿಸಬಹುದು. ಬರೆಯದಿದ್ದರೆ ಸಮುದ್ರದ ನಡುವೆ ಇಲ್ಲದ ಮೆಟ್ಟಿಲೊಂದು ಹುಟ್ಟಿಕೊಳ್ಳುತ್ತದೆ.

ಇಂದಿನ ಹಡಗುಗಳು ಒಂದು ಶಬ್ದಕಿರಣಕ್ಕೆ ಬದಲಾಗಿ ಬೀಸಣಿಗೆಯಂತೆ ಹರಡುವ ನೂರಾರು ಕಿರಣಗಳನ್ನು ಬಳಸುತ್ತವೆ. ಹಿಂದಿರುಗುವ ಪ್ರತಿಧ್ವನಿಯ ಬಲದಿಂದ ತಳದ ಸ್ವಭಾವವನ್ನೂ ಊಹಿಸಬಹುದು. ಒರಟಾದ ಕಲ್ಲುಹಾಸು ಬಲವಾಗಿ ಪ್ರತಿಧ್ವನಿಸಿದರೆ ಮೆತ್ತನೆಯ ಕೆಸರು ಶಬ್ದವನ್ನು ನುಂಗಿಕೊಳ್ಳುತ್ತದೆ. ಆದರೆ ಈ ಬಲವು ಶಬ್ದದ ಆವರ್ತಸಂಖ್ಯೆಯನ್ನೂ, ಉಪಕರಣದ ಹೊಂದಾಣಿಕೆಯನ್ನೂ, ಕಿರಣವು ಬೀಳುವ ಕೋನವನ್ನೂ ಅವಲಂಬಿಸಿದೆ. ಎರಡು ಹಡಗುಗಳು ಒಂದೇ ತಳದ ಮೇಲೆ ಹಾಯ್ದು ಬೇರೆ ಬೇರೆ ಚಿತ್ರಗಳನ್ನು ತರುವುದು ಸಾಧ್ಯ. ಆದುದರಿಂದ ಅಲ್ಲಲ್ಲಿ ತಳದ ಮಣ್ಣನ್ನು ನಿಜವಾಗಿಯೂ ಗೋರಿ ತಂದು ಪರೀಕ್ಷಿಸುವುದು ಇಂದಿಗೂ ತಪ್ಪಿಲ್ಲ.

ಮರಳೆಂದರೇನು?

ಗೋರಿ ತಂದ ಮಣ್ಣನ್ನು ಒಣಗಿಸಿ ಜರಡಿಗಳ ಸಾಲಿನ ಮೇಲೆ ಸುರಿಯುತ್ತಾರೆ. ಮೇಲಿನ ಜರಡಿಯ ಕಣ್ಣು ದೊಡ್ಡದು, ಕೆಳಕೆಳಗಿನವು ಸಣ್ಣವು. ಯಾವ ಜರಡಿಯಲ್ಲಿ ಎಷ್ಟು ಗ್ರಾಮು ನಿಂತಿತೆಂದು ತೂಗಿದರೆ ಕಣಗಳ ಗಾತ್ರದ ಪಟ್ಟಿಯೊಂದು ಸಿದ್ಧವಾಗುತ್ತದೆ. ಇದರಲ್ಲಿ ಯಾವುದು ಮರಳು, ಯಾವುದು ಹೂಳು?

ಅಮೆರಿಕದ ವೆಂಟ್‌ವರ್ತ್ ಎಂಬ ಭೂವಿಜ್ಞಾನಿಯು 1922ರಲ್ಲಿ ಪ್ರಕಟಿಸಿದ ಶ್ರೇಣಿಯಲ್ಲಿ, 2 ಮಿಲಿಮೀಟರಿಗಿಂತ ದಪ್ಪನೆಯದು ನೊರಜುಗಲ್ಲು. ಅಲ್ಲಿಂದ ಮಿಲಿಮೀಟರಿನ ಹದಿನಾರನೆಯ ಒಂದು ಭಾಗದವರೆಗೆ, ಎಂದರೆ ಸುಮಾರು 0.063 ಮಿಲಿಮೀಟರಿನವರೆಗೆ ಮರಳು. ಅದರ ಕೆಳಗೆ 256ನೆಯ ಒಂದು ಭಾಗದವರೆಗೆ ಹೂಳು. ಅದಕ್ಕಿಂತಲೂ ನುಣುಪಾದುದು ಜೇಡಿ. ಪ್ರತಿ ಹಂತದಲ್ಲಿಯೂ ಗಾತ್ರವು ಅರ್ಧವಾಗುವಂತೆ ಈ ಶ್ರೇಣಿಯನ್ನು ಕಟ್ಟಲಾಗಿದೆ. ಸೋವಿಯೆತ್ ಸಾಗರವಿಜ್ಞಾನಿಗಳು 1960ರ ಸುಮಾರಿಗೆ ಬಳಕೆಗೆ ತಂದ ದಶಮಾನ ಶ್ರೇಣಿಯಲ್ಲಾದರೋ ಮರಳು 1 ಮಿಲಿಮೀಟರಿನಿಂದ 0.1 ಮಿಲಿಮೀಟರಿನವರೆಗೆ ಮಾತ್ರ; ಅಲ್ಲಿಂದ 0.01ರವರೆಗೆ ‘ಅಲ್ಯೂರೈಟ್’, ಅದಕ್ಕೂ ಕೆಳಗೆ ‘ಪೆಲೈಟ್’. ನಮ್ಮ ದೇಶದ ಎಂಜಿನಿಯರುಗಳು ಅನುಸರಿಸುವ ಭಾರತೀಯ ಮಾನಕದಲ್ಲಿ ಮರಳಿನ ಮೇಲಿನ ಮೇರೆ 4.75 ಮಿಲಿಮೀಟರು, ಕೆಳಗಿನ ಮೇರೆ 0.075 ಮಿಲಿಮೀಟರು. ಇವುಗಳಲ್ಲಿ ಯಾವುದೊಂದೂ ತಪ್ಪಲ್ಲ. ಕಣಗಳ ಗಾತ್ರವು ಪ್ರಕೃತಿಯಲ್ಲಿ ಎಡೆಬಿಡದೆ ಬದಲಾಗುತ್ತ ಹೋಗುವ ಪರಿಮಾಣ. ಅದನ್ನು ತುಂಡರಿಸಿ ಹೆಸರಿಟ್ಟವರು ಮನುಷ್ಯರು.

ಒಂದು ದೃಷ್ಟಾಂತವನ್ನು ತೆಗೆದುಕೊಳ್ಳೋಣ. ನಮ್ಮಲ್ಲಿ 100 ಗ್ರಾಮು ಒಣಮಣ್ಣಿದೆ. ಅದರಲ್ಲಿ 37 ಗ್ರಾಮು ಕಣಗಳು 1 ಮಿಲಿಮೀಟರಿಗೂ 0.1 ಮಿಲಿಮೀಟರಿಗೂ ನಡುವಣವು. 55 ಗ್ರಾಮು 0.1ಕ್ಕೂ 0.063ಕ್ಕೂ ನಡುವಣವು, ಉಳಿದ 8 ಗ್ರಾಮು ಇನ್ನೂ ಸಣ್ಣವು. ವೆಂಟ್‌ವರ್ತನ ಶ್ರೇಣಿಯಂತೆ ಇದರಲ್ಲಿ ಮರಳು 92 ಪಾಲು. ಅದನ್ನು ‘ಮರಳು’ ಎಂದು ಕರೆಯದೆ ಗತ್ಯಂತರವಿಲ್ಲ. ದಶಮಾನ ಶ್ರೇಣಿಯಂತೆ ಮರಳು 37 ಪಾಲು ಮಾತ್ರ. ಮಿಕ್ಕುದರಲ್ಲಿ ಹೆಚ್ಚಿನದು ಅಲ್ಯೂರೈಟ್. ಇವರ ಭೂಪಟದಲ್ಲಿ ಅದೇ ಮಣ್ಣಿಗೆ ಬೇರೆ ಬಣ್ಣ!

ಈಗ ಒಂದು ಮುಖ್ಯವಾದ ಅಂಶವನ್ನು ಗಮನಿಸಬೇಕು. ತೂಕಗಳ ಪಟ್ಟಿಯು ನಮ್ಮ ಕೈಯಲ್ಲಿದ್ದರೆ ಈ ಶ್ರೇಣಿಯಿಂದ ಆ ಶ್ರೇಣಿಗೆ ದಾಟುವುದು ಕೂಡಿಸಿ ಕಳೆಯುವಷ್ಟು ಸುಲಭ. ‘ಅಲ್ಯೂರೈಟ್’ ಎಂಬ ಹೆಸರೊಂದೇ ಉಳಿದು ಪಟ್ಟಿಯು ಕಳೆದುಹೋಗಿದ್ದರೆ ಯಾವ ಗಣಿತವೂ ಅದನ್ನು ಮರಳಿ ಕೊಡಲಾರದು. ಹಿಟ್ಟಿನಿಂದ ಧಾನ್ಯವನ್ನು ಮರಳಿ ಪಡೆಯಲು ಹೊರಟಂತೆ ಅದು. ಹೆಸರು ಅಳತೆಯ ಸಾರಾಂಶವೇ ಹೊರತು ಅಳತೆಗೆ ಬದಲಿಯಲ್ಲ.

ಅಳತೆಯಲ್ಲಿಯೂ ಎಚ್ಚರವು ಬೇಕು. ಜರಡಿಗೆ ಸಿಗದ ಸೂಕ್ಷ್ಮಕಣಗಳನ್ನು ನೀರಿನಲ್ಲಿ ಕದಡಿ, ಅವು ಕೆಳಗಿಳಿಯುವ ವೇಗದಿಂದ ಗಾತ್ರವನ್ನು ಲೆಕ್ಕಹಾಕುವುದು ಹಳೆಯ ವಿಧಾನ. ಸ್ಟೋಕ್ಸನ ನಿಯಮವು ಇದಕ್ಕೆ ಆಧಾರ. ಲೇಸರ್ ಬೆಳಕು ಕಣಗಳಿಂದ ಚದರುವ ರೀತಿಯನ್ನು ನೋಡುವುದು ಹೊಸ ವಿಧಾನ. ಎರಡೂ ಕಣಗಳು ಗೋಳಾಕಾರವಾಗಿವೆಯೆಂದು ಭಾವಿಸುತ್ತವೆ. ಆದರೆ ಜೇಡಿಯ ಕಣಗಳು ಚಪ್ಪಟೆಯಾದ ಹಲ್ಲೆಗಳು. ಈ ಕಾರಣದಿಂದ ಒಂದೇ ಮಣ್ಣಿನಲ್ಲಿ ಲೇಸರ್ ವಿಧಾನವು ಸಾಮಾನ್ಯವಾಗಿ ಹಳೆಯ ವಿಧಾನಕ್ಕಿಂತ ಕಡಮೆ ಜೇಡಿಯನ್ನು ತೋರಿಸುತ್ತದೆ. ಆದ್ದರಿಂದ ‘ಎಷ್ಟು’ ಎಂಬುದರ ಜೊತೆಗೆ ‘ಹೇಗೆ ಅಳೆದುದು’ ಎಂಬುದನ್ನೂ ಬರೆದಿಡಬೇಕು.

ಫೋಕನ ತ್ರಿಕೋನ

ಸಾಗರತಳದಲ್ಲಿ ಅಪ್ಪಟ ಮರಳಾಗಲಿ ಅಪ್ಪಟ ಕೆಸರಾಗಲಿ ವಿರಳ, ಮಿಶ್ರಣವೇ ಹೆಚ್ಚು. ಮಿಶ್ರಣಗಳಿಗೆ ಕ್ರಮವಾದ ಹೆಸರುಗಳನ್ನು ಕೊಡಲು ಅಮೆರಿಕದ ರಾಬರ್ಟ್ ಫೋಕ್ ಎಂಬಾತನು 1954ರಲ್ಲಿ ಒಂದು ತ್ರಿಕೋನವನ್ನು ರಚಿಸಿದನು. ಅದರ ಮೂರು ಮೂಲೆಗಳು ನೊರಜುಗಲ್ಲು, ಮರಳು, ಮತ್ತು ಹೂಳು ಜೇಡಿಗಳೆರಡೂ ಸೇರಿದ ಕೆಸರು. ನೊರಜುಗಲ್ಲಿನ ಶೇಕಡಾಂಶವನ್ನೂ, ಮರಳಿಗೂ ಕೆಸರಿಗೂ ಇರುವ ಪ್ರಮಾಣವನ್ನೂ ತಿಳಿದರೆ ಯಾವ ಮಣ್ಣಿಗಾದರೂ ತ್ರಿಕೋನದೊಳಗೆ ಒಂದು ಮನೆ ಗೊತ್ತಾಗುತ್ತದೆ. ಇಂಥ ಮನೆಗಳು ಹದಿನೈದು. ಬಂಡೆಯನ್ನು ಸೇರಿಸಿಕೊಂಡರೆ ಹದಿನಾರು ವರ್ಗಗಳಾಗುತ್ತವೆ.

ಎಲ್ಲ ದೇಶಗಳ ದಾಖಲೆಗಳೂ ಹದಿನಾರು ವರ್ಗಗಳಷ್ಟು ಸೂಕ್ಷ್ಮವಾಗಿಲ್ಲ. ಆದಕಾರಣ ಯುರೋಪಿನವರು ಇವುಗಳನ್ನು ಏಳಕ್ಕೂ, ಮತ್ತೆ ಐದಕ್ಕೂ ಇಳಿಸಿಕೊಂಡರು. ಐದು ಇವು: ಕೆಸರು ಮತ್ತು ಕೆಸರುಮರಳು, ಮರಳು, ಒರಟು ತಳ, ಮಿಶ್ರ ತಳ, ಬಂಡೆ. ಇಲ್ಲಿ ಮರಳೆನಿಸಿಕೊಳ್ಳಬೇಕಾದರೆ ನೊರಜುಗಲ್ಲು ನೂರಕ್ಕೆ ಐದಕ್ಕಿಂತ ಕಡಮೆಯಿದ್ದು, ಮರಳು ಕೆಸರಿನ ಒಂಬತ್ತರಷ್ಟಾದರೂ ಇರಬೇಕು. ನಮ್ಮ ದೃಷ್ಟಾಂತದ ಮಣ್ಣಿನಲ್ಲಿ 92 ಪಾಲಿಗೆ 8 ಪಾಲು, ಎಂದರೆ ಹನ್ನೊಂದೂವರೆಯಷ್ಟು. ಆದುದರಿಂದ ಅದು ಮರಳು. ವರ್ಗಗಳು ಕಡಮೆಯಾದಷ್ಟೂ ಒಪ್ಪಂದವು ಸುಲಭ, ವಿವರವು ನಷ್ಟ. ಈ ಎರಡರ ನಡುವಣ ತೂಕವೇ ಏಕರೂಪತೆಯ ಕೆಲಸದ ಕಷ್ಟವಾದ ಭಾಗ.

ಸೊನ್ನೆ ಎಲ್ಲಿದೆ?

ಆಳವನ್ನು ಎಲ್ಲಿಂದ ಅಳೆಯಬೇಕೆಂಬುದೂ ಒಂದು ಸಮಸ್ಯೆಯೇ. ಉತ್ತರ ಸಮುದ್ರದಲ್ಲಿ ಉಬ್ಬರವಿಳಿತಗಳು ದೊಡ್ಡವು. ಅಲ್ಲಿಯ ನಾವಿಕರ ಭೂಪಟಗಳಲ್ಲಿ ನೀರು ಇಳಿಯಬಹುದಾದ ಅತ್ಯಂತ ಕೆಳಮಟ್ಟವೇ ಸೊನ್ನೆ. ಬಾಲ್ಟಿಕ್ ಸಮುದ್ರದಲ್ಲಿ ಉಬ್ಬರವಿಳಿತಗಳು ಇಲ್ಲವೆನ್ನುವಷ್ಟು ಅಲ್ಪ. ಅಲ್ಲಿ ಸರಾಸರಿ ಮಟ್ಟವೇ ಸೊನ್ನೆ. ಸೊನ್ನೆಗಳು ಬೇರೆಯಾದರೆ ಏನಾದೀತೆಂಬುದಕ್ಕೆ ನೆಲದ ಮೇಲಿನ ಒಂದು ಘಟನೆ ಪ್ರಸಿದ್ಧವಾಗಿದೆ. ರೈನ್ ನದಿಯ ಎರಡು ದಡಗಳಲ್ಲಿ ಲಾಫೆನ್‌ಬುರ್ಗ್ ಎಂಬ ಒಂದೇ ಹೆಸರಿನ ಎರಡು ಊರುಗಳಿವೆ. ಒಂದು ಜರ್ಮನಿಯದು, ಒಂದು ಸ್ವಿಟ್ಜರ್ಲೆಂಡಿನದು. ಅವುಗಳ ನಡುವೆ ಸೇತುವೆಯನ್ನು ಎರಡು ಕಡೆಯಿಂದಲೂ ಕಟ್ಟಲಾಗುತ್ತಿತ್ತು. ಜರ್ಮನಿಯ ಎತ್ತರಗಳು ಉತ್ತರ ಸಮುದ್ರದ ಮಟ್ಟವನ್ನೂ ಸ್ವಿಟ್ಜರ್ಲೆಂಡಿನವು ಮೆಡಿಟರೇನಿಯನ್ ಸಮುದ್ರದ ಮಟ್ಟವನ್ನೂ ಆಧರಿಸಿದವು; ಎರಡಕ್ಕೂ 27 ಸೆಂಟಿಮೀಟರಿನ ಅಂತರವಿರುವುದು ಎಂಜಿನಿಯರುಗಳಿಗೆ ತಿಳಿದೇ ಇತ್ತು. ಆದರೆ ತಿದ್ದುಪಡಿಯನ್ನು ಕೂಡಿಸುವಲ್ಲಿ ಕಳೆದುಬಿಟ್ಟರು. 2003ರಲ್ಲಿ ನೋಡಿದಾಗ ಎರಡು ಕಡೆಗಳಿಗೂ 54 ಸೆಂಟಿಮೀಟರಿನ ವ್ಯತ್ಯಾಸ! ಭೇದವಿದೆಯೆಂದು ತಿಳಿದಿರುವುದು ಸಾಲದು. ಅದರ ದಿಕ್ಕನ್ನೂ ಬರೆದಿಡಬೇಕೆಂಬ ನೀತಿಯನ್ನು ಈ ಸೇತುವೆ ಕಲಿಸುತ್ತದೆ.

ಸ್ಥಳವನ್ನು ಸೂಚಿಸುವ ಅಕ್ಷಾಂಶ ರೇಖಾಂಶಗಳಿಗೂ ಇದೇ ಮಾತು ಸಲ್ಲುತ್ತದೆ. 1950ರ ಐರೋಪ್ಯ ಆಧಾರದ ಮೇಲೆ ಬರೆದ ಹಳೆಯ ದಾಖಲೆಗಳನ್ನು ಇಂದಿನ ಉಪಗ್ರಹ ಪದ್ಧತಿಯವೆಂದು ತಪ್ಪಾಗಿ ತಿಳಿದರೆ ಉತ್ತರ ಸಮುದ್ರದಲ್ಲಿ ಸ್ಥಳವು ಸುಮಾರು ನೂರು ಮೀಟರುಗಳಷ್ಟು ಸರಿದುಹೋಗುತ್ತದೆ.

ಒಂದು ಹಿಮಯುಗ, ಹಲವು ಹೆಸರು

ಕಾಲವನ್ನು ಹೆಸರಿಸುವುದರಲ್ಲಿಯೂ ಭೇದಗಳುಂಟು. ಸುಮಾರು 11,700 ವರ್ಷಗಳ ಹಿಂದೆ ಮುಗಿದ ಕೊನೆಯ ಹಿಮಾವೃತ ಅವಧಿಯನ್ನು ಜರ್ಮನಿ, ಪೋಲೆಂಡುಗಳಲ್ಲಿ ವೈಕ್ಸೆಲ್ ಎಂದೂ, ಬ್ರಿಟನ್ನಿನಲ್ಲಿ ಡೆವೆನ್ಸಿಯನ್ ಎಂದೂ, ಐರ್ಲೆಂಡಿನಲ್ಲಿ ಮಿಡ್‌ಲ್ಯಾಂಡಿಯನ್ ಎಂದೂ, ಆಲ್ಪ್ಸ್ ಪ್ರದೇಶದಲ್ಲಿ ವುರ್ಮ್ ಎಂದೂ, ರಷ್ಯದಲ್ಲಿ ವಾಲ್ದಾಯ್ ಎಂದೂ ಕರೆಯುತ್ತಾರೆ. ಇಂಥ ಹೆಸರುಗಳು ನೆಲದ ಮೇಲೆ ತಂತಮ್ಮ ಸೀಮೆಯಲ್ಲಿ ಸುಖವಾಗಿದ್ದುವು. ಡಾಗರ್ ದಿಬ್ಬದಲ್ಲಿ ಅವು ಎದುರುಬದುರಾದುವು. ಒಂದೇ ಹಿಮನದಿಯು ಬಿಟ್ಟುಹೋದ ಜೇಡಿಯ ಪದರವು ಗಡಿಯನ್ನು ದಾಟಿದೊಡನೆ ಹೆಸರನ್ನು ಬದಲಿಸಿದರೆ, ಅದನ್ನು ಕುರಿತು ಓದುವ ವಿದ್ಯಾರ್ಥಿಯು ಎರಡು ಪದರಗಳಿವೆಯೆಂದೇ ತಿಳಿಯುವ ಅಪಾಯವಿದೆ. ಇಲ್ಲಿಯೂ ಪರಿಹಾರವು ಮೊದಲಿನದೇ: ಸ್ಥಳೀಯ ಹೆಸರನ್ನು ಅಳಿಸಬೇಕಾಗಿಲ್ಲ, ಅದರ ಪಕ್ಕದಲ್ಲಿ ವರ್ಷಗಳ ಅಂಕಿಯನ್ನೂ ಎಲ್ಲರೂ ಒಪ್ಪಿದ ಅಂತರರಾಷ್ಟ್ರೀಯ ಹೆಸರನ್ನೂ ಬರೆಯಬೇಕು.

ಸಹಕಾರದ ಹಾದಿ

ಸಾಗರದ ವಿಷಯದಲ್ಲಿ ದೇಶಗಳು ಕೂಡಿ ದುಡಿಯುವುದು ಹೊಸತೇನೂ ಅಲ್ಲ. 1872ರಿಂದ 1876ರವರೆಗೆ ಲೋಕವನ್ನು ಸುತ್ತಿದ ‘ಚಾಲೆಂಜರ್’ ಹಡಗು ತಂದ ತಳದ ಮಣ್ಣುಗಳನ್ನು ಮರೇ ಮತ್ತು ರೆನಾರ್ ಎಂಬ ವಿಜ್ಞಾನಿಗಳು ಪರೀಕ್ಷಿಸಿ 1891ರಲ್ಲಿ ಆಳಸಮುದ್ರದ ನಿಕ್ಷೇಪಗಳ ವರ್ಗೀಕರಣವನ್ನು ಪ್ರಕಟಿಸಿದರು. ಅವರು ಬಳಸಿದ ‘ಕೆಂಪು ಜೇಡಿ’ ಮೊದಲಾದ ಹೆಸರುಗಳು ಬಹುಕಾಲ ಎಲ್ಲ ದೇಶಗಳಲ್ಲಿಯೂ ನಡೆದುವು. 1903ರಲ್ಲಿ ಮೊನಾಕೋ ರಾಜ್ಯದ ಅರಸು ಒಂದನೆಯ ಆಲ್ಬರ್ಟನು ಲೋಕದ ಸಮುದ್ರಗಳ ಆಳವನ್ನು ತೋರಿಸುವ ಭೂಪಟವೊಂದನ್ನು ತಯಾರಿಸುವ ಹೊಣೆಯನ್ನು ಹೊತ್ತನು. 1905ರಲ್ಲಿ ಅದು 24 ಹಾಳೆಗಳಲ್ಲಿ ಹೊರಬಂದಿತು. ಆಗ ಅದಕ್ಕೆ ಆಧಾರವಾಗಿದ್ದುದು ಸುಮಾರು 18,400 ಅಳತೆಗಳು ಮಾತ್ರ. ಆ ಕಾರ್ಯವೇ ಇಂದಿಗೂ ಮುಂದುವರಿದಿದೆ. ಸಾಗರತಳವನ್ನೆಲ್ಲ 2030ರೊಳಗೆ ಅಳೆದು ಮುಗಿಸಬೇಕೆಂಬ ಯೋಜನೆಯು 2017ರಲ್ಲಿ ಆರಂಭವಾಯಿತು. 2025ರ ಜೂನ್ ವೇಳೆಗೆ ನೂರಕ್ಕೆ 27.3 ಪಾಲು ಆಗಿತ್ತು. ಆದರೆ ಇದು ಆಳದ ಲೆಕ್ಕ. ತಳವು ಯಾವ ಪದಾರ್ಥದಿಂದ ಆಗಿದೆಯೆಂಬುದರ ಅರಿವು ಇದಕ್ಕಿಂತಲೂ ಹಿಂದುಳಿದಿದೆ.

ಯುರೋಪಿನಲ್ಲಿ ಈ ಎರಡನೆಯ ಕೆಲಸವನ್ನು ಕೈಗೊಂಡುದು ‘ಇಮೋಡ್‌ನೆಟ್’ ಎಂಬ ಹೆಸರಿನ ಐರೋಪ್ಯ ಸಾಗರ ದತ್ತಾಂಶ ಜಾಲದ ಭೂವಿಜ್ಞಾನ ವಿಭಾಗ. 2009ರಲ್ಲಿ ಬ್ರಿಟಿಷ್ ಭೂವಿಜ್ಞಾನ ಸಂಸ್ಥೆಯ ನೇತೃತ್ವದಲ್ಲಿ ಬಾಲ್ಟಿಕ್, ಉತ್ತರ ಸಮುದ್ರ ಮತ್ತು ಕೆಲ್ಟಿಕ್ ಸಮುದ್ರಗಳನ್ನು ಕುರಿತು ಇದು ಆರಂಭವಾಯಿತು. ಮುಂದೆ ಫಿನ್ಲೆಂಡಿನ ಭೂವಿಜ್ಞಾನ ಸಂಸ್ಥೆಯು ಮುಂದಾಳಾಗಿ, ಸುಮಾರು 30 ದೇಶಗಳ ಸಂಸ್ಥೆಗಳು ಕೂಡಿಕೊಂಡು, ಯುರೋಪಿನ ಎಲ್ಲ ಸಮುದ್ರಗಳಿಗೂ ಹಬ್ಬಿತು. ಮೊದಲು ತಯಾರಾದ ಭೂಪಟದಲ್ಲಿ ಒಂದು ಸೆಂಟಿಮೀಟರು ಹತ್ತು ಕಿಲೋಮೀಟರಿಗೆ ಸಮ. 4 ಚದರ ಕಿಲೋಮೀಟರಿಗಿಂತ ಸಣ್ಣ ತುಣುಕುಗಳು ಅದರಲ್ಲಿ ಕಾಣುವುದಿಲ್ಲ. ಅನಂತರದ್ದರಲ್ಲಿ ಒಂದು ಸೆಂಟಿಮೀಟರು ಎರಡೂವರೆ ಕಿಲೋಮೀಟರಿಗೆ ಸಮ, 0.3 ಚದರ ಕಿಲೋಮೀಟರಿನ ತುಣುಕುಗಳೂ ಕಾಣುತ್ತವೆ. ಪ್ರತಿಯೊಂದು ದೇಶವೂ ತನ್ನ ಭೂಪಟವನ್ನು ಫೋಕನ ವರ್ಗಗಳಿಗೆ ತಾನೇ ಅನುವಾದಿಸಿ ಒಪ್ಪಿಸುತ್ತದೆ; ಮೂಲದ ಹೆಸರನ್ನೂ ಜೊತೆಯಲ್ಲಿಯೇ ಉಳಿಸಿಕೊಳ್ಳುತ್ತದೆ.

ಇಲ್ಲಿ ಮೆಚ್ಚತಕ್ಕ ಇನ್ನೊಂದು ಏರ್ಪಾಡಿದೆ. ಜೋಡಿಸಿದ ಭೂಪಟವು ಎಲ್ಲೆಡೆಯೂ ಒಂದೇ ನಯದಿಂದ ಮುದ್ರಿತವಾಗಿ, ಎಲ್ಲೆಡೆಯೂ ಒಂದೇ ನಿಶ್ಚಿತತೆಯಿದೆಯೆಂಬ ಭ್ರಮೆಯನ್ನು ಹುಟ್ಟಿಸಬಲ್ಲದು. ನೂರು ಕಡೆ ಗೋರಿ ನೋಡಿದ ತಳವೂ ಎರಡು ಕಡೆ ಗೋರಿ ಊಹಿಸಿದ ತಳವೂ ಒಂದೇ ಬಣ್ಣವನ್ನು ಧರಿಸುತ್ತವೆ. ಇದನ್ನು ತಪ್ಪಿಸಲು ಶಬ್ದದಿಂದ ಎಷ್ಟು ಭಾಗವನ್ನು ಪರೀಕ್ಷಿಸಿದೆ, ಎಷ್ಟು ಮಾದರಿಗಳನ್ನು ತೆಗೆದಿದೆ, ವರ್ಗಗಳ ಮೇರೆಗಳು ಎಷ್ಟು ಸ್ಪಷ್ಟವಾಗಿವೆ ಎಂಬುದನ್ನು ತೂಗಿ ಪ್ರತಿ ಭಾಗಕ್ಕೂ ಭರವಸೆಯ ಅಂಕಗಳನ್ನು ಕೊಟ್ಟಿದ್ದಾರೆ. ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಉತ್ತರದ ಜೊತೆಗೆ ದೋಷದ ಮಿತಿಯನ್ನೂ ಬರೆಯಬೇಕೆಂದು ವಿದ್ಯಾರ್ಥಿಗಳಿಗೆ ಹೇಳುವುದುಂಟಷ್ಟೆ. ಇದು ಅದೇ ನಿಯಮದ ದೊಡ್ಡ ರೂಪ.

ಅಡ್ಡಿಗಳಿಲ್ಲವೆಂದಲ್ಲ. ತೈಲವನ್ನು ಹುಡುಕುವ ಕಂಪೆನಿಗಳು ಬಹಳ ಹಣವನ್ನು ವ್ಯಯಮಾಡಿ ಪಡೆದ ಮಾಹಿತಿಯನ್ನು ಸುಲಭವಾಗಿ ಬಿಟ್ಟುಕೊಡವು. ಜಲಾಂತರ್ಗಾಮಿಗಳು ಸಂಚರಿಸುವ ನೀರಿನ ವಿವರಗಳನ್ನು ನೌಕಾಸೇನೆಗಳು ಗುಟ್ಟಾಗಿಡುತ್ತವೆ. ಇವೆರಡೂ ಇಲ್ಲದ ಕಡೆಯಲ್ಲಿಯೂ ಹಳೆಯ ನೋಟುಪುಸ್ತಕಗಳನ್ನು ತೆಗೆದು, ಅವುಗಳ ಜರಡಿ ಯಾವುದು, ಸೊನ್ನೆ ಯಾವುದು ಎಂದು ಶೋಧಿಸುವ ತಾಳ್ಮೆಯ ದುಡಿಮೆಗೆ ಜನರೂ ಹಣವೂ ಬೇಕು. ಹೊಸ ಹಡಗಿಗೆ ದೊರೆಯುವ ಕೀರ್ತಿ ಈ ಕೆಲಸಕ್ಕೆ ದೊರೆಯುವುದಿಲ್ಲ.

ನಮ್ಮ ಕಡಲಿಗೂ ಸಂಬಂಧವುಂಟು

ಹಿಂದೂ ಮಹಾಸಾಗರದಲ್ಲಿ ಇಂಥ ಸಹಕಾರದ ಒಂದು ಮಹತ್ತರ ಉದಾಹರಣೆಯು ನಡೆದುಹೋಗಿದೆ. 1959ರಿಂದ 1965ರವರೆಗೆ ಹಲವು ದೇಶಗಳ ಹಡಗುಗಳು ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಶೋಧನೆಯಲ್ಲಿ ಪಾಲುಗೊಂಡುವು. ಶೀತಲಯುದ್ಧದ ಆ ದಿನಗಳಲ್ಲಿಯೂ ಅಮೆರಿಕ ಮತ್ತು ಸೋವಿಯೆತ್ ಹಡಗುಗಳ ಅಳತೆಗಳು ಒಂದು ಕಡೆ ಸೇರಿದುವು. 1975ರಲ್ಲಿ ಮಾಸ್ಕೋದಲ್ಲಿ ಆ ಮಹಾಸಾಗರದ ಭೂವಿಜ್ಞಾನದ ಭೂಪಟಸಂಪುಟವು ಪ್ರಕಟವಾಯಿತು. ಈ ಶೋಧನೆಯ ಫಲವಾಗಿಯೇ 1966ರಲ್ಲಿ ನಮ್ಮ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯು ಹುಟ್ಟಿತು, ಅದು ಗೋವೆಯಲ್ಲಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣದ ಸಾಗರ ಮತ್ತು ಕರಾವಳಿ ವಿಭಾಗವು ಮಂಗಳೂರಿನಿಂದ ಕೆಲಸಮಾಡುತ್ತದೆ. ನಮ್ಮ ಭೂವಿಜ್ಞಾನಿಗಳ 0.063 ಮಿಲಿಮೀಟರಿನ ಮರಳಿಗೂ ನಮ್ಮ ಎಂಜಿನಿಯರುಗಳ 0.075 ಮಿಲಿಮೀಟರಿನ ಮರಳಿಗೂ ನಡುವೆ ಇರುವ ಅಂತರವು, ಭಾಷಾಭೇದಕ್ಕೆ ದೇಶದ ಗಡಿಯೇ ಬೇಕಾಗಿಲ್ಲವೆಂಬುದನ್ನು ತೋರಿಸುತ್ತದೆ.

ವಿಜ್ಞಾನಕ್ಕೆ ಗಡಿಗಳಿಲ್ಲವೆಂಬ ಮಾತನ್ನು ನಾವು ಮೇಲಿಂದ ಮೇಲೆ ಕೇಳುತ್ತೇವೆ. ಆ ಮಾತು ತಾನಾಗಿಯೇ ನಿಜವಾಗುವುದಿಲ್ಲ. ಯಾರೋ ಒಬ್ಬರು ಜರಡಿಯ ಕಣ್ಣಿನ ಅಳತೆಯನ್ನು, ಶಬ್ದದ ವೇಗವನ್ನು, ಸೊನ್ನೆಯ ಮಟ್ಟವನ್ನು, ಮಾದರಿ ತೆಗೆದ ದಿನವನ್ನು ಬಿಡದೆ ಬರೆದಿಟ್ಟಾಗ ಮಾತ್ರ ಅವರ ಕಡಲಿನ ಅರಿವು ನೆರೆಯವರಿಗೂ ಉಪಯೋಗಕ್ಕೆ ಬರುತ್ತದೆ. ಇಂದು ಪ್ರಯೋಗಶಾಲೆಯಲ್ಲಿ ಲೋಲಕದ ಉದ್ದವನ್ನೋ ದ್ರವದ ಸಾಂದ್ರತೆಯನ್ನೋ ಅಳೆಯುತ್ತಿರುವ ವಿದ್ಯಾರ್ಥಿಗಳಲ್ಲಿ ಕೆಲವರು ನಾಳೆ ಸಮುದ್ರಕ್ಕೆ ಹೋಗುವವರಿರಬಹುದು. ಅಂಕಿಯ ಮುಂದೆ ಅದರ ಮಾನವನ್ನೂ, ಅಳೆದ ವಿಧಾನವನ್ನೂ, ದೋಷದ ಮಿತಿಯನ್ನೂ ಬರೆಯುವ ಅಭ್ಯಾಸವನ್ನು ಅವರು ಈಗಲೇ ಬೆಳೆಸಿಕೊಂಡರೆ, ಐವತ್ತು ವರ್ಷಗಳ ನಂತರ ಬೇರೊಂದು ದೇಶದಲ್ಲಿ ಅವರ ನೋಟುಪುಸ್ತಕವನ್ನು ತೆರೆಯುವವರಿಗೆ ಅದರಲ್ಲಿಯ ಪ್ರತಿಯೊಂದು ಸಾಲೂ ಉಪಯುಕ್ತವಾಗುವುದು.